ಕಾಗದದ ಬಾಯಿಯ ಮೀನು

ಏಪ್ರಿಲ್ ತಿಂಗಳ ಬೆಳಗಿನಲ್ಲಿ ಅಮೆರಿಕದ ಕೆಂಟಕಿ ಲೇಕ್‌ನ ಯಾವ ಕೊಲ್ಲಿಗೆ ಹೋದರೂ ಈ ನೋಟ ಕಂಡೀತು. ಎರಡು ದೋಣಿಗಳು, ನಡುವೆ 50 ಅಡಿಯೂ ಅಂತರವಿಲ್ಲ. ಎರಡರಲ್ಲೂ ಒಂದೇ ಬಗೆಯ ಕೋಲು, ಒಂದೇ ಬಗೆಯ ದಾರ, ದಡದ ಒಂದೇ ಅಂಗಡಿಯಿಂದ ತಂದ ಜೀವಂತ ಮರಿಮೀನಿನ ಎರೆ. ಒಂದು ದೋಣಿಯವರು ಐದು ನಿಮಿಷಕ್ಕೊಮ್ಮೆ ಅಂಗೈಯಗಲದ ಬೆಳ್ಳಿ ಮೀನನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಾರೆ. ಇನ್ನೊಂದು ದೋಣಿಯವರು ಬೆಳಗಿನಿಂದ ಬೆಂಡು ನೋಡುತ್ತ ಕುಳಿತಿದ್ದಾರೆ. ಅವರ ಬೆಂಡು ಅಲುಗಿಲ್ಲ. ಒಮ್ಮೆ ಅಲುಗಿತ್ತು, ಅವರು ಜಗ್ಗಿದರು, ಕೊಕ್ಕೆ ಬರಿದಾಗಿ ಮೇಲೆ ಬಂತು.

ಈ ಮೀನಿನ ಹೆಸರು ಕ್ರ್ಯಾಪಿ. ಅಮೆರಿಕದ ದಕ್ಷಿಣ ಮತ್ತು ಮಧ್ಯದ ರಾಜ್ಯಗಳಲ್ಲಿ ಜನಸಾಮಾನ್ಯರ ಊಟದ ಮೀನು ಎಂದರೆ ಇದೇ. ಬರಿಗೈಲಿ ಮರಳುವವರು ಚಂದ್ರನನ್ನು ದೂರುತ್ತಾರೆ, ಮೂಡಣ ಗಾಳಿಯನ್ನು ದೂರುತ್ತಾರೆ. 1930ರ ದಶಕದಲ್ಲಿ ಜಾನ್ ಆಲ್ಡನ್ ನೈಟ್ ಎಂಬಾತ ಸೂರ್ಯ ಚಂದ್ರರ ಸ್ಥಾನ ನೋಡಿ ಮೀನು ಕಚ್ಚುವ ಹೊತ್ತನ್ನು ಹೇಳುವ ಕೋಷ್ಟಕಗಳನ್ನೇ ಅಚ್ಚು ಹಾಕಿಸಿದ. ಗಾಳದವರ ಪಂಚಾಂಗ ಅದು, ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಆ ಎರಡು ದೋಣಿಗಳ ಮೇಲೂ ಇದ್ದದ್ದು ಒಂದೇ ಚಂದ್ರ, ಬೀಸಿದ್ದು ಒಂದೇ ಗಾಳಿ. ಹಾಗಾದರೆ ವ್ಯತ್ಯಾಸ ಎಲ್ಲಿ? ಅದು ಒಂದಿಷ್ಟು ಈ ಮೀನಿನ ದೇಹದಲ್ಲಿದೆ, ಬಹುಪಾಲು ಆ ನೀರಿನ ಚರಿತ್ರೆಯಲ್ಲಿದೆ.

ಮೊದಲು ಹೆಸರು ಬಂದ ಬಗೆ. 1818ರ ಬೇಸಿಗೆಯಲ್ಲಿ ಕಾನ್‌ಸ್ಟಂಟೈನ್ ರಫಿನೆಸ್ಕ್ ಎಂಬ ನಿಸರ್ಗ ವಿಜ್ಞಾನಿ ಒಹಾಯೊ ನದಿಯ ಗುಂಟ ಇಳಿದು ಬಂದ. ಕಾನ್‌ಸ್ಟಾಂಟಿನೋಪಲ್ ಬಳಿ ಹುಟ್ಟಿದವನು, ಹಲವು ಭಾಷೆ ಬಲ್ಲವನು. ಕಂಡದ್ದಕ್ಕೆಲ್ಲ ಹೊಸ ಹೆಸರಿಡುವ ಚಟದವನು. ಕೆಂಟಕಿಯ ಹೆಂಡರ್ಸನ್ ಊರಿನಲ್ಲಿ ಅವನು ಉಳಿದುಕೊಂಡದ್ದು ಜಾನ್ ಜೇಮ್ಸ್ ಆಡುಬನ್ ಮನೆಯಲ್ಲಿ. ಆಡುಬನ್ ಆಗಿನ್ನೂ ಹಕ್ಕಿಚಿತ್ರಗಳಿಂದ ಪ್ರಸಿದ್ಧನಾಗಿರಲಿಲ್ಲ, ಊರಿನ ವ್ಯಾಪಾರಿ. ಒಂದು ರಾತ್ರಿ ಕೋಣೆಗೆ ಬಾವಲಿಗಳು ನುಗ್ಗಿದಾಗ ಅತಿಥಿ ಆತಿಥೇಯನ ಪಿಟೀಲನ್ನೇ ಎತ್ತಿ ಬೀಸಿ ಅದನ್ನು ಪುಡಿಮಾಡಿದನಂತೆ, ಆಡುಬನ್ ಮುಂದೆ ಬರೆದಿಟ್ಟದ್ದು ಹಾಗೆ. ಪಿಟೀಲಿನ ಸೇಡೋ ಬರೀ ತಮಾಷೆಯೋ, ಆಡುಬನ್ ಇಲ್ಲದ ಮೀನುಗಳ ಚಿತ್ರ ಬರೆದು ಕೊಟ್ಟ. ಗುಂಡು ಹಾರಿಸಿದರೂ ತೂರದ ಚಿಪ್ಪಿನ ಮೀನೂ ಅವುಗಳಲ್ಲಿತ್ತು. ರಫಿನೆಸ್ಕ್ ಅದನ್ನೆಲ್ಲ ನಂಬಿ 1820ರಲ್ಲಿ ತಾನು ಪ್ರಕಟಿಸಿದ ಒಹಾಯೊ ನದಿಯ ಮೀನುಗಳ ಪುಸ್ತಕಕ್ಕೆ ಸೇರಿಸಿಬಿಟ್ಟ.

ಆ ಸುಳ್ಳು ಮೀನುಗಳಿಂದಾಗಿ ಅವನ ಹೆಸರು ಕೆಟ್ಟಿತು. ಆದರೆ ಅದೇ ಪಯಣದಲ್ಲಿ, ಒಹಾಯೊ ನದಿಯ ಬಂಡೆಗಳ ಇಳಿಜಾರಿನಲ್ಲಿ ಕಣ್ಣಾರೆ ಕಂಡ ಒಂದು ಮೀನನ್ನು ಅವನು ಸರಿಯಾಗಿಯೇ ವಿವರಿಸಿದ್ದ. ಕಿವಿರಿನ ಮುಚ್ಚಳ ಚೂಪಾಗಿದೆ ಎಂದು ಗ್ರೀಕ್ ಪದಗಳನ್ನು ಕೂಡಿಸಿ ಪೊಮಾಕ್ಸಿಸ್ ಎಂಬ ಕುಲನಾಮ ಕಟ್ಟಿದ. ಅದು ಬಿಳಿ ಕ್ರ್ಯಾಪಿ. ಇದರ ಸೋದರಜಾತಿಯಾದ ಕಪ್ಪು ಕ್ರ್ಯಾಪಿಗೆ ಹೆಸರು ಸಿಕ್ಕಿದ್ದು 1829ರಲ್ಲಿ, ಫ್ರೆಂಚ್ ವಿಜ್ಞಾನಿ ಲೆಸ್ಯೂರ್‌ನಿಂದ. ಬಿಳಿಯದಕ್ಕೆ ಬೆನ್ನಿನ ಈಜುರೆಕ್ಕೆಯಲ್ಲಿ ಸಾಮಾನ್ಯವಾಗಿ 5 ಅಥವಾ 6 ಮುಳ್ಳು, ಕಪ್ಪಿನದಕ್ಕೆ 7 ಅಥವಾ 8. ಬಣ್ಣ ನೋಡಿ ಹೇಳಹೊರಟವರು ಮೋಸಹೋಗುತ್ತಾರೆ, ಮುಳ್ಳು ಎಣಿಸಬೇಕು.

ಜನ ಇಟ್ಟ ಹೆಸರುಗಳು ವಿಜ್ಞಾನದವಕ್ಕಿಂತ ರುಚಿಯಾಗಿವೆ. ಲೂಸಿಯಾನದ ಫ್ರೆಂಚರಿಗೆ ಇದು ಸಾಕಲೆ, ಅಂದರೆ ಹಾಲಿನ ಚೀಲ. ಮಾಂಸದ ಬಿಳುಪಿಗೆ ಬಂದ ಹೆಸರೆಂದು ಕೆಲವರು, ಚಾಕ್ಟಾ ಬುಡಕಟ್ಟಿನವರ ಮಾತೊಂದು ಫ್ರೆಂಚರ ಬಾಯಲ್ಲಿ ಹೀಗೆ ತಿರುಚಿತೆಂದು ಇನ್ನು ಕೆಲವರು. ಫ್ಲಾರಿಡದಲ್ಲಿ ಇದು ಚುಕ್ಕೆಯ ಪರ್ಚ್. ಕ್ರ್ಯಾಪಿ ಎಂಬುದನ್ನೇ ಎಷ್ಟೋ ಕಡೆ ಕ್ರಾಪಿ ಎನ್ನುತ್ತಾರೆ. ಎಲ್ಲ ಕಡೆಯೂ ಚಾಲ್ತಿಯಲ್ಲಿರುವ ಅಡ್ಡಹೆಸರು ಮಾತ್ರ ಒಂದೇ, ಕಾಗದದ ಬಾಯಿ. ತುಟಿಯ ಪಕ್ಕದ ಚರ್ಮ ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳು. ಕೊಕ್ಕೆ ಅಲ್ಲಿ ಚುಚ್ಚಿಕೊಂಡಾಗ ಜೋರಾಗಿ ಜಗ್ಗಿದರೆ ಚರ್ಮ ಹರಿದು ಮೀನು ಹೋಗುತ್ತದೆ. ಆ ಎರಡನೇ ದೋಣಿಯವರಿಗೆ ಆದದ್ದು ಅದೇ. ಬಲ್ಲವರು ಜಗ್ಗುವುದಿಲ್ಲ, ಮಣಿಕಟ್ಟನ್ನು ಮೆಲ್ಲಗೆ ಎತ್ತಿ ದಾರವನ್ನು ಬಿಗಿಯಾಗಿಯೇ ಇಟ್ಟುಕೊಂಡು, ನೀರಿನಿಂದ ಮೇಲೆತ್ತುವ ಮುನ್ನ ಕೆಳಗೆ ಬಲೆ ಹಿಡಿಯುತ್ತಾರೆ.

ಟೆನೆಸ್ಸಿ ರಾಜ್ಯದ ವಾಯವ್ಯ ಮೂಲೆಯಲ್ಲಿ ರೀಲ್‌ಫುಟ್ ಎಂಬ ಸರೋವರವಿದೆ. ಕ್ರ್ಯಾಪಿ ಹಿಡಿಯುವವರ ಕ್ಷೇತ್ರ ಅದು ಎಂದರೂ ನಡೆದೀತು. 1811ರ ಡಿಸೆಂಬರ್‌ನಿಂದ 1812ರ ಫೆಬ್ರುವರಿವರೆಗೆ ನ್ಯೂ ಮ್ಯಾಡ್ರಿಡ್ ಸುತ್ತ ಸಾಲುಸಾಲಾಗಿ ದೊಡ್ಡ ಭೂಕಂಪಗಳಾದವು. ಮಿಸಿಸಿಪಿ ನದಿ ಕೆಲಕಾಲ ಹಿಂದಕ್ಕೆ ಹರಿದಂತೆ ಕಂಡಿತೆಂದು ದೋಣಿಯಲ್ಲಿದ್ದವರು ಹೇಳಿದ್ದರು. ನದಿಯ ಪಕ್ಕದ ಕಾಡು ಕುಸಿದು, ತೊರೆಗೆ ಅಡ್ಡ ಬಿದ್ದು, ನೀರು ನಿಂತು ಸರೋವರವಾಯಿತು. ಕಾಡು ನಿಂತಲ್ಲೇ ಮುಳುಗಿತು. ಸೈಪ್ರೆಸ್ ಮರಗಳ ಬೊಡ್ಡೆಗಳು ಇಂದಿಗೂ ನೀರಿನಡಿ ಇವೆ. ಸರೋವರ ಆಳವಿಲ್ಲ, ಬಹುಪಾಲು ಆಳೆತ್ತರದ ಒಳಗೇ. ಅಲ್ಲಿನವರು ಬೊಡ್ಡೆಗೆ ಬಡಿದರೂ ಒಡೆಯದಂಥ, ಮುಖ ಮುಂದಕ್ಕಿಟ್ಟೇ ಹುಟ್ಟು ಹಾಕಬಹುದಾದಂಥ ವಿಶೇಷ ದೋಣಿಯನ್ನೇ ಕಟ್ಟಿಕೊಂಡರು.

ಮರದ ನೆರಳು, ಬೊಡ್ಡೆಗಳ ಸಂದು, ಸಂದಿನಲ್ಲಿ ಮರಿಮೀನುಗಳ ಗುಂಪು, ಕ್ರ್ಯಾಪಿಗೆ ಇನ್ನೇನು ಬೇಕು! ತಲೆಮಾರುಗಳ ಕಾಲ ಸುತ್ತಲಿನ ಬಡವರು ಇಲ್ಲಿ ಮೀನು ಹಿಡಿದು ತಿಂದರು, ಮಾರಿದರು. ಮೀನುಗಾರಿಕೆಯ ವ್ಯಾಪಾರಕ್ಕೆ ಕ್ರ್ಯಾಪಿಯನ್ನು ಹಿಡಿದು ಮಾರಲು ಕಾನೂನು ಬಿಟ್ಟುಕೊಟ್ಟಿದ್ದ ಕೆಲವೇ ಜಾಗಗಳಲ್ಲಿ ರೀಲ್‌ಫುಟ್ ಒಂದಾಗಿತ್ತು. ಭೂಕಂಪ ಕೊಟ್ಟ ನೀರು ಎಲ್ಲರದು ಎಂಬುದು ಅವರ ನಂಬಿಕೆ. ಕಾಗದಪತ್ರಗಳು ಹಾಗೆ ಹೇಳುತ್ತಿರಲಿಲ್ಲ. ಸರೋವರದಡಿಯ ನೆಲಕ್ಕೆ ಭೂಕಂಪಕ್ಕೂ ಹಿಂದಿನ ಹಕ್ಕುಪತ್ರಗಳಿದ್ದವು. ವೆಸ್ಟ್ ಟೆನೆಸ್ಸಿ ಲ್ಯಾಂಡ್ ಕಂಪನಿ ಅವನ್ನು ಕೂಡಿಹಾಕಿಕೊಂಡು ಸರೋವರ ತನ್ನದೆಂದಿತು, ಮೀನಿನ ವ್ಯಾಪಾರವನ್ನು ಒಬ್ಬ ವರ್ತಕನ ಕೈಗೆ ಕೊಟ್ಟಿತು. ಮೊಗೆದಷ್ಟೂ ತಮ್ಮದಾಗಿದ್ದ ನೀರಿಗೆ ಬಾಡಿಗೆ ಕೊಡಬೇಕಾಗಿ ಬಂದವರು ಮುಖವಾಡ ಧರಿಸಿದರು. 1908ರ ಅಕ್ಟೋಬರ್ 19ರ ರಾತ್ರಿ ವಾಲ್‌ನಟ್ ಲಾಗ್ ಎಂಬಲ್ಲಿನ ವಸತಿಗೃಹದಿಂದ ಕಂಪನಿಯ ಇಬ್ಬರು ವಕೀಲರನ್ನು ಎಳೆದೊಯ್ದರು. ಕ್ವೆಂಟಿನ್ ರ್‍ಯಾಂಕಿನ್‌ನನ್ನು ನೇಣಿಗೆ ಹಾಕಿ ಗುಂಡು ಹೊಡೆದರು. ಮುದುಕ ರಾಬರ್ಟ್ ಟೇಲರ್ ಕತ್ತಲಲ್ಲಿ ನೀರಿಗೆ ಹಾರಿ, ಈಜಿ, ಜೌಗಿನಲ್ಲಿ ಅಡಗಿ ಬದುಕಿದ. ರಾಜ್ಯಪಾಲ ಮ್ಯಾಲ್ಕಂ ಪ್ಯಾಟರ್ಸನ್ ಸೈನಿಕರನ್ನು ಕರೆತಂದ. ನೂರರ ಹತ್ತಿರ ಜನ ಸೆರೆಯಾದರು. ಆರು ಜನಕ್ಕೆ ಗಲ್ಲು ವಿಧಿಸಿದ ತೀರ್ಪನ್ನು ಮೇಲಿನ ನ್ಯಾಯಾಲಯ ರದ್ದು ಮಾಡಿತು, ಕೊನೆಗೆ ಯಾರೂ ನೇಣಿಗೇರಲಿಲ್ಲ.

ಈ ಕಥೆಯನ್ನು ಬಡವರ ದಂಗೆಯೆಂದು ಮೆಚ್ಚಿ ಹೇಳುವವರಿದ್ದಾರೆ. ಅದೇ ತಿಂಗಳ ಆರಂಭದಲ್ಲಿ, ಹತ್ತಿರದ ಹಿಕ್‌ಮನ್ ಊರಿನ ಬಳಿ ಇಂಥ ಮುಖವಾಡದವರೇ ಕರಿಯ ಕುಟುಂಬವೊಂದರ ಮನೆಗೆ ಬೆಂಕಿಯಿಟ್ಟು, ಹೊರಬಂದವರ ಮೇಲೆ ಗುಂಡು ಹಾರಿಸಿದ್ದರು, ಮಗುವೂ ಸತ್ತಿತು. ಅದನ್ನು ಬಿಟ್ಟು ಇದನ್ನು ಹೇಳುವುದು ನ್ಯಾಯವಲ್ಲ. ರೀಲ್‌ಫುಟ್ ಮುಂದಿನ ಕೆಲವೇ ವರ್ಷಗಳಲ್ಲಿ ರಾಜ್ಯದ ಸ್ವತ್ತಾಯಿತು, ಗಾಳ ಹಾಕಲು ಎಲ್ಲರಿಗೂ ತೆರೆಯಿತು.

ರೀಲ್‌ಫುಟ್‌ನಂಥ ನೀರು ಮಾತ್ರವೇ ಇದ್ದಿದ್ದರೆ ಕ್ರ್ಯಾಪಿ ಹಿಡಿಯುವುದು ಇಂದಿಗೂ ಸುಲಭವಾಗಿರುತ್ತಿತ್ತು. ಬೊಡ್ಡೆ ಕಣ್ಣಿಗೆ ಕಾಣುತ್ತದೆ, ಅದರ ಪಕ್ಕ ಎರೆ ಇಳಿಬಿಟ್ಟರಾಯಿತು. ಬಿದಿರಿನಂಥ ನದಿಜೊಂಡಿನ ಉದ್ದ ಕೋಲು, ಕೋಲಿನ ತುದಿಗೆ ಕೋಲಿನಷ್ಟೇ ಉದ್ದದ ದಾರ. ಹೆಂಗಸರು, ಮಕ್ಕಳು, ಮುದುಕರು ದಡದಲ್ಲಿ ಕುಳಿತೇ ಸಂಜೆಯ ಊಟ ಸಂಪಾದಿಸುತ್ತಿದ್ದರು. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ತುಂಡುಗಳು, ಜೊತೆಗೆ ಅದೇ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ. ಶ್ರೀಮಂತರ ಆಟಕ್ಕೆ ಬೇರೆ ಮೀನುಗಳಿದ್ದವು. ಟ್ರೌಟ್‌ಗೆ ಹಳೆಯ ಮರ್ಯಾದೆ, ಬ್ಯಾಸ್ ಮೀನಿಗೆ ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ 1881ರಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದು ಗೌರವ ತಂದುಕೊಟ್ಟ. ಕ್ರ್ಯಾಪಿಗೆ ಅಂಥ ಗ್ರಂಥವಿರಲಿಲ್ಲ, ಬಾಣಲೆ ಇತ್ತು.

ಬಳಿಕ ಅಣೆಕಟ್ಟುಗಳು ಬಂದವು. ಕ್ರ್ಯಾಪಿಯ ಚರಿತ್ರೆ ನಿಜವಾಗಿ ಎರಡಾಗಿ ಒಡೆಯುವುದು ಇಲ್ಲಿ. 1933ರಲ್ಲಿ, ಆರ್ಥಿಕ ಕುಸಿತದ ನಡುವೆ, ಟೆನೆಸ್ಸಿ ವ್ಯಾಲಿ ಅಥಾರಿಟಿ ಹುಟ್ಟಿತು. ಪ್ರವಾಹ ತಡೆ, ವಿದ್ಯುತ್ತು, ಹಡಗು ಸಂಚಾರ ಎಲ್ಲವನ್ನೂ ಒಂದೇ ಸಂಸ್ಥೆ ನೋಡಿಕೊಳ್ಳುವ ಯೋಜನೆ. ಸ್ವತಂತ್ರ ಭಾರತ 1948ರಲ್ಲಿ ದಾಮೋದರ್ ವ್ಯಾಲಿ ಕಾರ್ಪೊರೇಷನ್ ಕಟ್ಟಿದ್ದು ಇದನ್ನೇ ಮಾದರಿಯಾಗಿಟ್ಟುಕೊಂಡು. ಮೊದಲ ಅಣೆಕಟ್ಟು ನಾರಿಸ್, 1936ರಲ್ಲಿ ಮುಗಿಯಿತು. ಸುಮಾರು 3 ಸಾವಿರ ಕುಟುಂಬಗಳು ಊರು ಬಿಟ್ಟವು, ಸಾವಿರಾರು ಗೋರಿಗಳನ್ನು ಅಗೆದು ಬೇರೆಡೆ ಹೂಳಿದರು. ಟೆನೆಸ್ಸಿ ನದಿಯ ಕೆಳತುದಿಯಲ್ಲಿ ಕೆಂಟಕಿ ಅಣೆಕಟ್ಟು 1938ರಲ್ಲಿ ಶುರುವಾಗಿ 1944ರಲ್ಲಿ ಮುಗಿದಾಗ 184 ಮೈಲಿ ಉದ್ದದ ಕೆರೆ ಹರಡಿಕೊಂಡಿತು. ಅದರಡಿ ಬರ್ಮಿಂಗ್‌ಹ್ಯಾಮ್ ಎಂಬ ಊರು ಪೂರ್ತಿ ಹೋಯಿತು. ಅತ್ತ ಮಿಸಿಸಿಪಿ ರಾಜ್ಯದಲ್ಲಿ 1927ರ ಮಹಾಪ್ರವಾಹದ ನೆನಪಿನಲ್ಲಿ ಸೈನ್ಯದ ಎಂಜಿನಿಯರರು ಸಾರ್ಡಿಸ್ (1940), ಈನಿಡ್ (1952), ಗ್ರೆನೇಡ (1954) ಜಲಾಶಯಗಳನ್ನು ಕಟ್ಟಿದರು.

ಹೊಸ ನೀರು ಹೊಲ, ಹುಲ್ಲುಗಾವಲುಗಳ ಮೇಲೆ ಏರಿದಾಗ ಕೊಳೆತ ಹಸಿರಿನಿಂದ ಕೆಲವು ವರ್ಷ ಮೀನಿಗೆ ಹಬ್ಬ. 1957ರ ಜುಲೈನಲ್ಲಿ ಈನಿಡ್‌ನಲ್ಲಿ ಸಿಕ್ಕಿದ ಬಿಳಿ ಕ್ರ್ಯಾಪಿ 5 ಪೌಂಡು 3 ಔನ್ಸು ತೂಗಿತು, ಅಂದರೆ ಸುಮಾರು 2.35 ಕಿಲೊ. ಸಾಮಾನ್ಯವಾಗಿ ಕೈಗೆ ಸಿಗುವ ಮೀನು ಕಾಲು ಕಿಲೊದಿಂದ ಅರ್ಧ ಕಿಲೊ. ಆ ದಾಖಲೆ ಇನ್ನೂ ಮುರಿದಿಲ್ಲ, ಮತ್ತು ಅದು ಸಿಕ್ಕಿದ್ದು ಅಣೆಕಟ್ಟು ಮುಗಿದ ಐದೇ ವರ್ಷಕ್ಕೆ ಎಂಬುದು ಆಕಸ್ಮಿಕವೇನಲ್ಲ.

ಈ ಹಬ್ಬ ಮುಗಿದ ಮೇಲೆ ಎಲ್ಲೆಡೆ ಒಂದೇ ಗೊಣಗಾಟ ಎದ್ದಿತು: ಮೀನು ಖಾಲಿಯಾಯಿತು, ಜಾಸ್ತಿ ಹಿಡಿದುಬಿಟ್ಟರು, ಮರಿ ಬಿಡಿ, ಮೊಟ್ಟೆಯಿಡುವ ಕಾಲದಲ್ಲಿ ಗಾಳ ನಿಷೇಧಿಸಿ. ಅಥಾರಿಟಿಯ ಜೀವಶಾಸ್ತ್ರಜ್ಞ ಆರ್. ಡಬ್ಲ್ಯು. ಎಶ್ಮೆಯರ್ ನಾರಿಸ್ ಜಲಾಶಯದಲ್ಲಿ ಕುಳಿತು ವರ್ಷಗಟ್ಟಲೆ ಲೆಕ್ಕ ಹಾಕಿದ. ಅವನಿಗೆ ಕಂಡದ್ದು ತಿರುವುಮುರುವು. ನೀರಿನಲ್ಲಿ ಮೀನು ಬೇಕಾದಷ್ಟಿತ್ತು, ಬಹುಪಾಲು ಗಾಳಕ್ಕೆ ಸಿಗದೆ ಮುಪ್ಪಿನಿಂದ, ರೋಗದಿಂದ, ಬೇರೆ ಮೀನಿನ ಬಾಯಿಗೆ ಬಿದ್ದು ಸಾಯುತ್ತಿತ್ತು. ಮರಿ ತಂದು ಬಿಡುವುದು ದುಂದು. 1944ರಲ್ಲಿ ನಾರಿಸ್‌ನಲ್ಲಿ ವರ್ಷವಿಡೀ ಗಾಳ ಹಾಕಲು ಬಿಟ್ಟುನೋಡಿದರು. ಮೀನು ಕಮ್ಮಿಯಾಗಲಿಲ್ಲ. ಇತರ ರಾಜ್ಯಗಳೂ ಒಂದೊಂದಾಗಿ ಬಾಗಿಲು ತೆರೆದವು. ಎಶ್ಮೆಯರ್‌ನ ಲೆಕ್ಕದ ಕಹಿ ಭಾಗವನ್ನು ಗಾಳದವರು ಅಷ್ಟಾಗಿ ಗಮನಿಸಲಿಲ್ಲ. ಮೀನು ಇದೆ, ಸಿಗುತ್ತಿಲ್ಲ ಎಂದರೆ ಕೊರತೆ ನೀರಿನಲ್ಲಿಲ್ಲ.

ಅದು ಎಲ್ಲಿತ್ತು? ಹೊಸ ಕೆರೆಯ ಮೇಲ್ಮೈ ಎಲ್ಲ ಕಡೆ ಒಂದೇ ಥರ. ಕೆಳಗಿನ ನೆಲ ಹಾಗಿಲ್ಲ. ಅಲ್ಲಿ ಹಳೆಯ ಹಳ್ಳ ಹರಿದ ಗುಂಡಿ ಇದೆ, ಹಳ್ಳಗಳು ಕೂಡುವ ಮೂಲೆ ಇದೆ, ಗಾಡಿದಾರಿ, ಸೇತುವೆಯ ಕಂಬ, ಮನೆಯ ತಳಪಾಯ, ಬೇಲಿಸಾಲು ಇವೆ. ಕ್ರ್ಯಾಪಿಗೆ ಅಂಚು ಬೇಕು. ಇಳಿಜಾರು ದಿಢೀರನೆ ಆಳಕ್ಕೆ ಬೀಳುವ ಜಾಗದಲ್ಲಿ, ಅದರಲ್ಲೂ ಮರವೋ ಪೊದೆಯೋ ಇದ್ದರೆ, ಗುಂಪುಗಟ್ಟಿ ನಿಲ್ಲುತ್ತದೆ. ಉಳಿದ ಕಡೆ ಮೈಲಿಗಟ್ಟಲೆ ನೀರು ಬರಿದು. ಕನ್ನಂಬಾಡಿಯ ಹಳೆಯ ವೇಣುಗೋಪಾಲಸ್ವಾಮಿ ದೇಗುಲ ದಡಕ್ಕೆ ಸ್ಥಳಾಂತರವಾಗುವ ಮೊದಲು ನೀರಿಳಿದ ಬೇಸಿಗೆಗಳಲ್ಲಿ ತಲೆಯೆತ್ತುತ್ತಿದ್ದುದನ್ನು, ಲಿಂಗನಮಕ್ಕಿ ಬತ್ತಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಕಾಣುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಹಿನ್ನೀರು ಎಂದರೆ ಮುಳುಗಿದ ಊರು. ಆ ಊರನ್ನು ಕಂಡಿದ್ದವನಿಗೆ ಹಳ್ಳ ಎಲ್ಲಿ ತಿರುಗುತ್ತಿತ್ತೆಂದು ಗೊತ್ತು. ಎತ್ತಂಗಡಿಯಾದವನ ನೆನಪು ಮೀನು ಹಿಡಿಯುವವನ ಬಂಡವಾಳವಾಯಿತು. ಹೊರಗಿನಿಂದ ಬಂದವನು ದಡದ ಚಂದ ನೋಡಿ ಲಂಗರು ಹಾಕಿದ, ಅಷ್ಟೆ.

ಸಮಸ್ಯೆಗೆ ಇನ್ನೊಂದು ಪದರವೂ ಇತ್ತು. ಆ ಕಣಿವೆಯಲ್ಲಿ ಮಲೇರಿಯಾ ಕಾಟ ಹೆಚ್ಚು. ಸೊಳ್ಳೆ ಬೆಳೆಯಬಾರದೆಂದು ಅಥಾರಿಟಿ ನೀರೇರುವ ಮೊದಲೇ ಅಂಚಿನ ಕಾಡನ್ನು ಬೋಳಿಸಿತು. ನೀರಿನ ಮಟ್ಟವನ್ನು ಆಗಾಗ ಇಳಿಸಿ ಏರಿಸಿತು. ಕೆಂಟಕಿ ಲೇಕ್‌ನಲ್ಲಿ ಈಗಲೂ ಬೇಸಿಗೆಯ ಮಟ್ಟ ಸಮುದ್ರದಿಂದ 359 ಅಡಿ, ಚಳಿಗಾಲದಲ್ಲಿ 354. ಜನರ ಜೀವ ಉಳಿಯಿತು, ಮೀನಿನ ಮನೆ ಹೋಯಿತು. ಆಗ ಗಾಳದವರು ತಾವೇ ಮನೆ ಕಟ್ಟಲು ಹೊರಟರು. ಚಳಿಗಾಲದಲ್ಲಿ ನೀರು ಐದಡಿ ಇಳಿದಾಗ ಕೆಸರಿಗಿಳಿದು ಮರದ ಪಟ್ಟಿಗಳನ್ನು ಸಾಲಾಗಿ ನೆಟ್ಟರು, ಕೊಂಬೆಗಳನ್ನು ಕಟ್ಟಿ ಸಿಮೆಂಟಿನ ಭಾರ ಹಾಕಿ ಮುಳುಗಿಸಿದರು. ಎಲ್ಲಿ ಎಂಬುದನ್ನು ಯಾರಿಗೂ ಹೇಳಲಿಲ್ಲ. ದಡದ ಯಾವ ಮರ ಯಾವ ಗುಡ್ಡದ ನೇರಕ್ಕೆ ಬಂದಾಗ ದೋಣಿ ನಿಲ್ಲಿಸಬೇಕೆಂಬುದು ಅಪ್ಪನಿಂದ ಮಗನಿಗೆ ಹೋಗುವ ಗುಟ್ಟು.

ಜಾಗ ಸಿಕ್ಕಿತು ಎಂದುಕೊಳ್ಳೋಣ. ಆಗಲೂ ಸಿಗದವರೇ ಹೆಚ್ಚು, ಕಾರಣ ಆಳ. ಕ್ರ್ಯಾಪಿಯ ಕಣ್ಣು ದೊಡ್ಡದು, ತಲೆಯ ಮೇಲ್ಭಾಗದಲ್ಲಿದೆ, ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ಅದು ತನ್ನ ತಲೆಯ ಮೇಲಿನದನ್ನು ನೋಡಿ ಎದ್ದು ಬಂದು ನುಂಗುವ ಮೀನು. ಕೆಳಗೆ ಹೋದ ಎರೆಯನ್ನು ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ. ಮೀನು ತಳದಲ್ಲಿರುತ್ತದೆಂಬ ಎಣಿಕೆಯಲ್ಲಿ ಹೊಸಬರು ದಾರವನ್ನು ಪೂರ್ತಿ ಬಿಡುತ್ತಾರೆ. ಮೀನು 10 ಅಡಿಯಲ್ಲಿದ್ದರೆ ಎರೆ 9 ಅಡಿಯಲ್ಲಿರಬೇಕು. 12 ಅಡಿಗೆ ಇಳಿದ ಎರೆ ಇಲ್ಲದ್ದಕ್ಕೆ ಸಮ. ಬೇಸಿಗೆಯ ನಡುವೆ ಇದು ಇನ್ನೂ ಬಿಗಿಯಾಗುತ್ತದೆ. ನಿಂತ ನೀರಿನಲ್ಲಿ ಮೇಲೆ ಬಿಸಿ ಪದರ, ಕೆಳಗೆ ತಣ್ಣನೆಯ ಪದರ ಬೇರೆಯಾಗಿ, ಕೆಳಗಿನದರಲ್ಲಿ ಆಮ್ಲಜನಕ ತೀರುತ್ತದೆ. ಮೀನು ಎರಡರ ನಡುವಿನ ಗಡಿಗಿಂತ ಸ್ವಲ್ಪ ಮೇಲೆ ತೇಲಿ ನಿಲ್ಲುತ್ತದೆ. ಕೆಳಗೆ 30 ಅಡಿ ನೀರಿದ್ದರೂ ಅಲ್ಲಿ ಜೀವವಿಲ್ಲ.

ಕಚ್ಚುವ ರೀತಿಯೂ ಹಾಗೇ. ಬೆಂಡು ಗುಳಕ್ಕೆಂದು ಮುಳುಗಬೇಕೆಂದು ಕಾಯುವವನು ಅರ್ಧದಷ್ಟು ಮೀನನ್ನು ನೋಡುವುದೇ ಇಲ್ಲ. ಕೆಳಗಿನಿಂದ ಬಂದು ಎರೆ ಕಚ್ಚಿ ಮೇಲೇಳುವ ಮೀನು ದಾರದ ಭಾರ ಇಳಿಸುತ್ತದೆ. ನೆಟ್ಟಗಿದ್ದ ಬೆಂಡು ಸದ್ದಿಲ್ಲದೆ ಅಡ್ಡ ಮಲಗುತ್ತದೆ. ದಾರ ಸಡಿಲವಾಗುತ್ತದೆ. ಅದೇ ಕಡಿತ. ಎರೆ ದೊಡ್ಡದಾದಷ್ಟು ದೊಡ್ಡ ಮೀನು ಎಂಬ ಲೆಕ್ಕವೂ ಇಲ್ಲಿ ನಡೆಯದು. ತಣ್ಣೀರಿನ ಕಾಲದಲ್ಲಿ 1 ಗ್ರಾಂ, 2 ಗ್ರಾಂ ತೂಕದ ಸೀಸದ ತಲೆಯ ಪುಟ್ಟ ಕೊಕ್ಕೆ, ಅದರ ಮೇಲೆ ಚೂರು ಪುಕ್ಕ, 4 ರಿಂದ 6 ಪೌಂಡು ತಾಳುವ ಸಣ್ಣ ದಾರ, ಅದನ್ನೂ ಆಡಿಸದೆ ಹಿಡಿದುಕೊಳ್ಳುವ ತಾಳ್ಮೆ ಬೇಕು. ಬ್ಯಾಸ್ ಮೀನು ಹಿಡಿದು ಪಳಗಿದ ಕೈಗೆ ಇದು ಕಷ್ಟ. ಆ ಕೈ ಎಸೆಯುತ್ತದೆ, ಸೆಳೆಯುತ್ತದೆ, ಜಗ್ಗುತ್ತದೆ. ಕೆಂಟಕಿ ಲೇಕ್‌ನ ಹಳಬರು ತುದಿಗೆ ಸೀಸದ ಗುಂಡು, ಅದರ ಮೇಲೆ ಒಂದರ ಮೇಲೊಂದು ಎರಡು ಕೊಕ್ಕೆ ಕಟ್ಟಿ, ಗುಂಡು ತಳಕ್ಕೆ ತಾಗುತ್ತಿದೆಯೇ ಎಂದು ಬೆರಳಲ್ಲಿ ಕೇಳುತ್ತ ಹಳೆಯ ಹಳ್ಳದ ಅಂಚಿನಗುಂಟ ದೋಣಿಯನ್ನು ತೆವಳಿಸುತ್ತಿದ್ದರು. ಗುಂಡು ಕೆಳಗೆ ಜಾರಿದರೆ ಅಂಚು ಬಂತು, ಮಿದುವಾಗಿ ತಡೆದರೆ ಪೊದೆ ಬಂತು. ಕೊಕ್ಕೆಗಳು ತಳಕ್ಕಿಂತ ಒಂದೆರಡು ಅಡಿ ಮೇಲೆ, ಮೀನಿನ ಕಣ್ಣ ಮುಂದೆ. ಕುರುಡರ ಓದಿನಂಥ ವಿದ್ಯೆ ಅದು.

ಬಹಳ ಜನ ಸೋಲುವುದು ಕಾಲದ ವಿಷಯದಲ್ಲಿ. ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್ ಮುಟ್ಟುವ ವಸಂತದಲ್ಲಿ ಕ್ರ್ಯಾಪಿ ದಡಕ್ಕೆ ಬಂದು ಆಳವಿಲ್ಲದಲ್ಲಿ ಗೂಡು ಮಾಡುತ್ತದೆ, ಗಂಡು ಮೈ ಕಪ್ಪಾಗಿಸಿಕೊಂಡು ಮೊಟ್ಟೆ ಕಾಯುತ್ತದೆ. ಆ ಎರಡು ಮೂರು ವಾರ ಯಾರಿಗೂ ಸಿಕ್ಕುತ್ತದೆ. ಮಕ್ಕಳಿಗೂ ಸಿಕ್ಕುತ್ತದೆ. ಮೇ ಕಳೆದು ಮೀನು ಆಳದ ಅಂಚಿಗೆ ಹೋದ ಮೇಲೂ ಅದೇ ಪೊದೆಯ ಬುಡದಲ್ಲಿ ಕುಳಿತವರು ನೀರು ಕೆಟ್ಟಿತೆನ್ನುತ್ತಾರೆ. ಬೇಸಿಗೆಯಲ್ಲಿ ರಾತ್ರಿ ಲಾಂದ್ರ ಇಳಿಬಿಟ್ಟು ಹಿಡಿಯುವವರಿದ್ದಾರೆ: ಬೆಳಕಿಗೆ ಹುಳು, ಹುಳುವಿಗೆ ಮರಿಮೀನು, ಮರಿಮೀನಿಗೆ ಕ್ರ್ಯಾಪಿ. ಶರತ್ಕಾಲದಲ್ಲಿ ಷ್ಯಾಡ್ ಎಂಬ ಬೆಳ್ಳಿ ಮರಿಗಳ ಬೆನ್ನು ಹತ್ತಿ ಮತ್ತೆ ಹಳ್ಳಗಳ ಬಾಯಿಗೆ ಬರುತ್ತದೆ. ಕೆಂಟಕಿ ಲೇಕ್‌ನಲ್ಲಿ ದಶಕಗಳು ಕಳೆದು ನೀರು ತಿಳಿಯಾಗುತ್ತ ಬಂದಂತೆ, ಕಲಕು ನೀರನ್ನು ತಾಳುವ ಬಿಳಿ ಕ್ರ್ಯಾಪಿಗಿಂತ ತಿಳಿನೀರು, ಜಲಸಸ್ಯ ಬಯಸುವ ಕಪ್ಪು ಕ್ರ್ಯಾಪಿ ಹೆಚ್ಚಿತು. ಅಪ್ಪನ ಕಾಲದ ಜಾಗಕ್ಕೆ ನಿಷ್ಠರಾಗಿದ್ದ ಮಕ್ಕಳು ಬೇರೊಂದು ಮೀನಿನ ಮನೆಯ ಮುಂದೆ ಕಾದರು.

ಹಾಗೆಂದು ಎಲ್ಲ ತಪ್ಪನ್ನೂ ಗಾಳದವನ ತಲೆಗೆ ಕಟ್ಟಬಾರದು. ಕ್ರ್ಯಾಪಿಯ ಸಂತಾನ ವರ್ಷದಿಂದ ವರ್ಷಕ್ಕೆ ವಿಪರೀತ ಏರಿಳಿಯುತ್ತದೆ. ವಸಂತದಲ್ಲಿ ನೀರು ಏರಿ ದಡದ ಹುಲ್ಲನ್ನು ಮುಳುಗಿಸಿದ ವರ್ಷ ಮರಿಗಳು ಲಕ್ಷಗಟ್ಟಲೆ ಉಳಿಯುತ್ತವೆ, ನೀರು ಇಳಿದ ವರ್ಷ ಹೆಚ್ಚುಕಡಿಮೆ ಏನೂ ಉಳಿಯದು. ಮರಿ ಬಾಣಲೆಯ ಗಾತ್ರಕ್ಕೆ ಬರಲು ಎರಡು ಮೂರು ವರ್ಷ ಬೇಕು. ಆದ್ದರಿಂದ ಈ ವರ್ಷದ ಬರಿಗೈಗೆ ಕಾರಣ ಮೂರು ವರ್ಷದ ಹಿಂದೆ ಅಣೆಕಟ್ಟಿನ ತೂಬು ಯಾವಾಗ ತೆರೆದರೆಂಬುದೂ ಇರಬಹುದು. ಸಣ್ಣ ಕೊಳಗಳಲ್ಲಿ ಉಲ್ಟಾ ಕಷ್ಟ. ಅಲ್ಲಿ ಮೀನು ಹೆಚ್ಚಾಗಿ, ಆಹಾರ ಸಾಲದೆ, ಎಲ್ಲವೂ ಅಂಗೈಗಿಂತ ಚಿಕ್ಕದಾಗಿಯೇ ಮುದಿಯಾಗುತ್ತವೆ.

ಮುಳುಗಿದ ಊರಿನ ನಕ್ಷೆಯನ್ನು ಎಲ್ಲರ ಕೈಗೂ ಕೊಡುವ ಕೆಲಸ ಶುರುವಾದದ್ದು ಎರಡನೇ ಮಹಾಯುದ್ಧದ ಬಳಿಕ. ನಾರ್ತ್ ಕೆರೊಲಿನದ ಬಕ್ ಪೆರ್ರಿ ಎಂಬಾತ ಮೀನು ಹುಡುಕುವುದೆಂದರೆ ತಳದ ಆಕಾರ ಹುಡುಕುವುದು ಎಂದು ಊರೂರು ತಿರುಗಿ ಹೇಳಿದ. ಮಿಸೌರಿಯ ಜಾಪ್ಲಿನ್ ಊರಿನ ಕಾರ್ಲ್ ಲೋರಾನ್ಸ್ ತನ್ನ ಗಂಡುಮಕ್ಕಳೊಂದಿಗೆ ಉಸಿರುಕೊಳವೆ ತೊಟ್ಟು ಕೆರೆಗಳಿಗೆ ಧುಮುಕಿ ಮೀನು ನಿಲ್ಲುವ ಪರಿ ನೋಡಿದ. ನೂರಕ್ಕೆ 90 ಮೀನು ನೂರಕ್ಕೆ 10 ಭಾಗ ನೀರಿನಲ್ಲಿರುತ್ತದೆ ಎಂಬುದು ಅವನ ಕಂಪನಿಯ ಮಾತಾಯಿತು. ವ್ಯಾಪಾರದ ಮಾತೇ ಸರಿ, ಆದರೂ ಅನುಭವಕ್ಕೆ ದೂರವಲ್ಲ. ಯುದ್ಧದಲ್ಲಿ ಜಲಾಂತರ್ಗಾಮಿ ಹುಡುಕಿದ ಸೋನಾರ್ ತಂತ್ರವನ್ನು ಟ್ರಾನ್ಸಿಸ್ಟರಿನಿಂದ ಕುಗ್ಗಿಸಿ 1959ರಲ್ಲಿ ಅವನು ತಂದ ಹಸಿರು ಡಬ್ಬಿಯನ್ನು ದೋಣಿಯ ಹಲಗೆಯ ಮೇಲಿಟ್ಟುಕೊಳ್ಳಬಹುದಿತ್ತು. ದುಂಡು ಮುಖದ ಮೇಲೆ ಮಿನುಗುವ ಗೆರೆಗಳು ಆಳ ಹೇಳುತ್ತಿದ್ದವು, ನಡುವೆ ಚಿಕ್ಕ ಮಿನುಗು ಕಂಡರೆ ಮೀನು. ಹೊರಗಿನಿಂದ ಬಂದವನಿಗೂ ಹಳೆಯ ಹಳ್ಳ ಸಿಕ್ಕಿತು.

2018ರಲ್ಲಿ ಗಾರ್ಮಿನ್ ಕಂಪನಿ ಲೈವ್‌ಸ್ಕೋಪ್ ಎಂಬ ಯಂತ್ರ ತಂದಿತು. ಅದು ದೋಣಿಯ ಮುಂದಿನ ನೀರನ್ನು ಚಲನಚಿತ್ರದಂತೆ ತೋರಿಸುತ್ತದೆ. ಪೊದೆ, ಪೊದೆಯ ಮೇಲೆ ತೇಲುವ ಮೀನು, ಇಳಿಯುತ್ತಿರುವ ಕೊಕ್ಕೆ, ಕೊಕ್ಕೆಯತ್ತ ಏಳುವ ಮೀನು, ಎಲ್ಲ ಆ ಕ್ಷಣವೇ ಪರದೆಯ ಮೇಲೆ. ಒಳ್ಳೆಯ ದೋಣಿಯಷ್ಟೇ ದುಡ್ಡು ಯಂತ್ರಕ್ಕೂ ಬೇಕಾಗುವ ದಿನ ಬಂತು. ಇದು ಬೇಟೆಯೋ ವಿಡಿಯೊ ಆಟವೋ ಎಂಬ ಜಗಳ ಕ್ರ್ಯಾಪಿ ಹಿಡಿಯುವವರ ನಡುವೆ ಹಬ್ಬಿತು. ಎಶ್ಮೆಯರ್‌ನ ಧೈರ್ಯ ಈಗ ಸಾಕೇ ಎಂಬ ಪ್ರಶ್ನೆಯೂ ಎದ್ದಿತು. ಗಾಳಕ್ಕೆ ಸಿಗದೆ ಸಾಯುವ ಮೀನೇ ಹೆಚ್ಚು ಎಂದು ಅವನು ಹೇಳಿದ್ದು ನೀರಿನ ಒಳಗನ್ನು ಯಾರೂ ನೋಡಲಾಗದ ಕಾಲದಲ್ಲಿ.

ಕಾನ್ಸಾಸ್ ರಾಜ್ಯದ ಜಲಾಶಯವೊಂದರಲ್ಲಿ ಸಂಶೋಧಕರು ಆಗೀಗ ಗಾಳ ಹಾಕುವ ಸಾಧಾರಣ ಜನರನ್ನೇ ಸೇರಿಸಿ, ಯಂತ್ರ ಕೊಟ್ಟು, ಕೊಡದೆ, ಹಿಡಿದದ್ದನ್ನು ಹೋಲಿಸಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಂಥವರ ಕೈಯಲ್ಲಿ ಯಂತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಿರಲಿಲ್ಲ. ಮೀನು ಪರದೆಯ ಮೇಲೆ ಕಾಣುತ್ತದೆ, ಕೊಕ್ಕೆ ಅದರ ಕೆಳಗಿಳಿಯುವುದೂ ಕಾಣುತ್ತದೆ, ಜಗ್ಗಿದಾಗ ತುಟಿ ಹರಿದು ಹೋಗುವುದಕ್ಕೆ ಯಂತ್ರ ಏನು ಮಾಡೀತು? ಪಳಗಿದವರ ಕೈಯಲ್ಲಿ ಅದೇ ಯಂತ್ರ ಏನು ಮಾಡುತ್ತದೆಂಬುದು ಬೇರೆಯೇ ಪ್ರಶ್ನೆ. ದಿನಕ್ಕೆ ಎಷ್ಟು ಮೀನು ಹಿಡಿಯಬಹುದೆಂಬ ಮಿತಿಯ ಚರ್ಚೆ ಈಗ ನಡೆದಿರುವುದು ಅವರನ್ನು ಕುರಿತು.

ಗುಟ್ಟಿನ ಗತಿ ಮಾತ್ರ ನಿಶ್ಚಯವಾದಂತಿದೆ. ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ಪ್ರತಿ ಜನವರಿಯಲ್ಲಿ ಮನೆಮನೆಯ ಹಳೆಯ ಕ್ರಿಸ್ಮಸ್ ಮರಗಳನ್ನು ಕೂಡಿಸಿ ಕೆರೆಗಳಲ್ಲಿ ಮುಳುಗಿಸಿ, ಆ ಜಾಗಗಳ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸುತ್ತವೆ. ಶನಿವಾರ ಅಲ್ಲಿ ದೋಣಿಗಳ ಜಾತ್ರೆ. ಖಾಸಗಿ ಪೊದೆಗಳು ಇನ್ನೂ ಇವೆ, ಆದರೆ ಅಪ್ಪ ರಾತ್ರಿಯಲ್ಲಿ ಮುಳುಗಿಸಿ ಬಂದ ಕೊಂಬೆಯ ಕಟ್ಟು ದಾರಿಹೋಕನ ಪರದೆಯ ಮೇಲೆ ಹಗಲಲ್ಲೇ ಮೂಡುತ್ತದೆ. ಆದರೂ ಚಳಿಗಾಲದಲ್ಲಿ ಕೆಂಟಕಿ ಲೇಕ್ 354 ಅಡಿಗೆ ಇಳಿದಾಗ ಕೆಲವರು ರಬ್ಬರ್ ಬೂಟು ತೊಟ್ಟು ಕೆಸರಿಗಿಳಿಯುತ್ತಾರೆ. ಬರ್ಮಿಂಗ್‌ಹ್ಯಾಮ್ ಊರಿನ ತಳಪಾಯದ ಕಲ್ಲುಗಳು ಆ ಕಾಲಕ್ಕೆ ಹೊರಗೆ ಕಾಣುತ್ತವೆ. ಬಗಲಲ್ಲಿ ಮರದ ಪಟ್ಟಿಗಳ ಕಟ್ಟು, ಕೈಯಲ್ಲಿ ಸುತ್ತಿಗೆ ಹಿಡಿದು ಅವರು ಒಮ್ಮೆ ಸುತ್ತ ನೋಡುತ್ತಾರೆ, ಆಮೇಲೆ ಬಡಿಯತೊಡಗುತ್ತಾರೆ.